57 ಸುರಂಗ, ಒಂದು ಛತ್ರಿ

ರೈಲಿನೊಳಗೆ ಛತ್ರಿ ಬಿಚ್ಚಿ ಕೂತವರನ್ನು ನಾನು ನೋಡಿದ್ದು ಅದೇ ಮೊದಲು.

ಬೋಗಿಯೇನೂ ಸೋರುತ್ತಿರಲಿಲ್ಲ. ಅದು ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ಹಗಲು ಹೊತ್ತು ಹೋಗುವ ರೈಲಿನ ವಿಸ್ಟಾಡೋಮ್ ಬೋಗಿ. ಬದಿಗೆ ಅಗಲಗಲ ಗಾಜು, ತಲೆಯ ಮೇಲೂ ಗಾಜು. ಮಧ್ಯಾಹ್ನದ ಸೂರ್ಯ ಆ ಗಾಜಿನಿಂದ ನೆಟ್ಟಗೆ ಇಳಿದು ನನ್ನೆದುರು ಕೂತ ಹೆಂಗಸಿನ ನೆತ್ತಿ ಸುಡುತ್ತಿದ್ದ. ಅವರು ಸ್ವಲ್ಪ ಹೊತ್ತು ಸೆರಗು ಹೊದ್ದು ನೋಡಿದರು. ಆಮೇಲೆ ಟವೆಲ್ ಹಾಕಿಕೊಂಡರು. ಕೊನೆಗೆ ಬ್ಯಾಗಿಗೆ ಕೈಹಾಕಿ ಮಡಚುವ ಛತ್ರಿ ತೆಗೆದು ಟಪ್ ಅಂತ ಬಿಚ್ಚಿದರು. ನೇರಳೆ ಬಣ್ಣ, ಬಿಳಿ ಹೂವು. ಅದರ ಒಂದು ಕಡ್ಡಿ ನನ್ನ ಕನ್ನಡಕದಿಂದ ನಾಲ್ಕು ಬೆರಳು ದೂರದಲ್ಲಿತ್ತು. ರೈಲು ಕುಲುಕಿದಾಗ ಮೂರು ಬೆರಳು.

ಇದು 2023ರ ಸೆಪ್ಟೆಂಬರಿನ ಕತೆ. ಅಮ್ಮನನ್ನು ಕರೆದುಕೊಂಡು ಹಾಸನದ ತಮ್ಮನ ಮನೆಗೆ ಹೊರಟಿದ್ದೆ. ಯಾವತ್ತೂ ಬಸ್ಸಿನಲ್ಲೇ ಹೋಗುವವರು ನಾವು. ಶಿರಾಡಿ ಘಾಟಿ ರಸ್ತೆಯ ಗುಂಡಿಗಳಿಗೆ ಸೊಂಟ ಒಪ್ಪಿಸಿ, ಗುಂಡ್ಯ ದಾಟಿದ ಮೇಲೆ ವಾಂತಿ ಬಂದರೆ ಅಂತ ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು. ಆ ಸಲ ನನಗೇ ಒಂದು ಆಸೆ ಹುಟ್ಟಿತು. ಈ ಗಾಜಿನ ಬೋಗಿ ನಮ್ಮ ಮಾರ್ಗಕ್ಕೆ ಬಂದದ್ದು 2021ರ ಜುಲೈ 11ರಂದು. ರಾಜ್ಯಕ್ಕೇ ಅದು ಮೊದಲು. ಆವತ್ತಿನಿಂದ ಕಚೇರಿಯಲ್ಲಿ ಒಬ್ಬರಲ್ಲ ಒಬ್ಬರು ಹೋಗಿ ಬಂದು ಫೋಟೋ ತೋರಿಸುತ್ತಲೇ ಇದ್ದರು. ಒಂದು ಬೋಗಿಗೆ 44 ಸೀಟು. ಯಶವಂತಪುರದವರೆಗೆ ಹೋದರೆ ಆಗ ಒಬ್ಬರಿಗೆ ಹತ್ತಿರಹತ್ತಿರ 1,400 ರೂಪಾಯಿ. ಹಾಸನಕ್ಕೆ ಅಷ್ಟಾಗುವುದಿಲ್ಲ, ಆದರೂ ಬಸ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ. ಟಿಕೆಟಿನ ದರವನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ದುಡ್ಡು ಕೊಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಚಿತ್ರ. ನಾನು, ಅಮ್ಮ, ಹಸಿರು ಗುಡ್ಡ, ಒಂದು ಫ್ಲಾಸ್ಕ್ ಚಹಾ, ಮತ್ತೆ ಮೌನ. ಉಳಿದ 42 ಸೀಟುಗಳಲ್ಲೂ ಜನ ಇರುತ್ತಾರೆ ಎನ್ನುವುದು ಆ ಚಿತ್ರದಲ್ಲಿ ಬಂದೇ ಇರಲಿಲ್ಲ.

ಅಮ್ಮನಿಗೆ ಈ ಮಾರ್ಗ ಹೊಸತಲ್ಲ. ಹಾಸನ–ಮಂಗಳೂರು ರೈಲು ಶುರುವಾದದ್ದು 1979ರಲ್ಲಿ, ಮೀಟರ್ ಗೇಜ್. ಅಪ್ಪನಿಗೆ ಎಂಬತ್ತರ ದಶಕದಲ್ಲಿ ಹಾಸನಕ್ಕೆ ವರ್ಗವಾಗಿತ್ತು. ಹೋಗಿ ಬಂದು ಮಾಡಿದ್ದೆಲ್ಲ ಆ ರೈಲಿನಲ್ಲೇ. 1996ರಲ್ಲಿ ಹಳಿ ಅಗಲ ಮಾಡುತ್ತೇವೆಂದು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಜನ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಅಪ್ಪ ನಿವೃತ್ತರಾದರು, ತೀರಿಯೂ ಹೋದರು, ನಮಗೆ ಬಸ್ಸು ಅಭ್ಯಾಸವಾಯಿತು. ಅಮ್ಮ ಘಾಟಿಯ ರೈಲು ಹತ್ತದೆ ಮೂವತ್ತು ವರ್ಷದ ಹತ್ತಿರವಾಗಿತ್ತು.

ಇನ್ನು ಆ ಛತ್ರಿಯವರ ಕಡೆಯ ಒಂಬತ್ತು ಜನ.

ಬೆಂಗಳೂರಿನವರು. ಧರ್ಮಸ್ಥಳ, ಕಟೀಲು, ಉಡುಪಿ ಎಲ್ಲ ಮುಗಿಸಿ ಊರಿಗೆ ವಾಪಸ್ ಹೊರಟಿದ್ದರು. ಯಜಮಾನರಿಗೆ ಅರುವತ್ತರ ಆಸುಪಾಸು, ಕೆಂಪು ಟೀ ಶರ್ಟ್, ಕೊರಳಲ್ಲಿ ಮೊಬೈಲಿನ ದಾರ. ನಾನು ಮನಸ್ಸಿನಲ್ಲೇ ಅವರಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟೆ. ಯಾರು ಎಲ್ಲಿ ಕೂರಬೇಕು, ಯಾರು ಯಾವಾಗ ಬಾತ್‌ರೂಮಿಗೆ ಹೋಗಬೇಕು, ಎಲ್ಲದಕ್ಕೂ ಅವರದ್ದೇ ಅಪ್ಪಣೆ. ಅವರಿಗೂ ಅವರ ಹೆಂಡತಿಗೂ, ಅಂದರೆ ಛತ್ರಿಯವರಿಗೆ, ನಮ್ಮ ಮುಂದಿನ ಸೀಟು. ಸೊಸೆ ಮತ್ತು ಏಳೆಂಟು ವರ್ಷದ ಮೊಮ್ಮಗ ನಮ್ಮ ಸಾಲಿನಲ್ಲೇ, ನಡುವಿನ ದಾರಿಯ ಆಚೆ. ಉಳಿದ ಐದು ಮಂದಿ ಅಲ್ಲಲ್ಲಿ ಹಂಚಿಹೋಗಿದ್ದರು. ಆ ಐವರ ಜೊತೆ ಮಾತಾಡಬೇಕಾದರೆ ಕ್ಯಾಪ್ಟನ್ ಅಲ್ಲಿಂದಲೇ ಕೂಗುತ್ತಿದ್ದರು.

ಈ ಬೋಗಿಯ ಸೀಟುಗಳು ತಿರುಗುತ್ತವೆ. ಕೆಳಗೆ ಕಾಲಿನಿಂದ ಒತ್ತಿದರೆ ಎರಡು ಸೀಟಿನ ಜೋಡಿ ಇಡಿಯಾಗಿ ಹಿಂದೆ ಮುಂದೆ ಆಗುತ್ತದೆ. ಕಿಟಕಿಯ ಕಡೆ ತಿರುಗಿಸಿಕೊಂಡು ನೋಡಲಿ ಅಂತ ಮಾಡಿದ್ದು. ಕ್ಯಾಪ್ಟನ್ನರಿಗೆ ಅದು ಬೇರೆಯೇ ಥರ ಕಂಡಿತು.

"ಮೇಡಂ, ಸ್ವಲ್ಪ ತಿರುಗಿಸ್ಕೋತೀವಿ. ಫ್ಯಾಮಿಲಿ ಎಲ್ಲಾ ಒಟ್ಟಿಗೆ ಇದ್ದಂಗಿರುತ್ತೆ."

"ಅಡ್ಡಿಯಿಲ್ಲ," ಅಂದೆ.

ನಮ್ಮ ಕಡೆಯ ಈ 'ಅಡ್ಡಿಯಿಲ್ಲ' ಇದೆಯಲ್ಲ, ಅದನ್ನು ಘಟ್ಟದ ಮೇಲಿನವರಿಗೆ ಯಾರಾದರೂ ಸರಿಯಾಗಿ ವಿವರಿಸಬೇಕು. ಊಟ ಹೇಗಿತ್ತು ಅಂದರೂ ಅಡ್ಡಿಯಿಲ್ಲ, ಕಾಲು ಮುರಿದುಕೊಂಡವನನ್ನು ಹೇಗಿದ್ದೀ ಅಂದರೂ ಅಡ್ಡಿಯಿಲ್ಲ. ನಿಜವಾಗಿ ಅಡ್ಡಿ ಇದ್ದಾಗ ಹೇಳುವುದಂತೂ ಅದನ್ನೇ. ಹೇಳುವಾಗ ಧ್ವನಿ ಸ್ವಲ್ಪ ತಗ್ಗುತ್ತದೆ, ಕಣ್ಣು ಬೇರೆ ಕಡೆ ಹೋಗುತ್ತದೆ. ಊರಿನವರಾದರೆ ಅಷ್ಟರಲ್ಲೇ ಅರ್ಥ ಮಾಡಿಕೊಂಡು ಹಿಂದೆ ಸರಿಯುತ್ತಾರೆ. ಕ್ಯಾಪ್ಟನ್ "ಥ್ಯಾಂಕ್ಸ್" ಅಂದು ಸೀಟು ತಿರುಗಿಸಿಯೇಬಿಟ್ಟರು.

ಈಗ ಅವರ ನಾಲ್ಕು ಮೊಣಕಾಲು, ನಮ್ಮ ನಾಲ್ಕು ಮೊಣಕಾಲು ಎದುರುಬದುರು. ಅಮ್ಮನ ಬಲಗಾಲು ಪೂರ್ತಿ ಮಡಚುವುದಿಲ್ಲ. ಅದನ್ನು ಚಾಚಿದರೆ ಕ್ಯಾಪ್ಟನ್ನರ ಚಪ್ಪಲಿಗೆ ತಾಗುತ್ತದೆ. ಪ್ರತಿಸಲ ತಾಗಿದಾಗಲೂ ಅಮ್ಮ ಕೈಯಿಂದ ಅವರ ಕಡೆ ಗಾಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಪುಸ್ತಕಕ್ಕೆ ಕಾಲು ತಾಗಿದ ಹಾಗೆ. ಕ್ಯಾಪ್ಟನ್ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಮೊಬೈಲ್ ಅಂದೆನಲ್ಲ. ವೀಡಿಯೋ ಕಾಲ್, ಅದೂ ಸ್ಪೀಕರಿನಲ್ಲಿ. ಒಬ್ಬರ ನಂತರ ಒಬ್ಬರಿಗೆ. "ನೋಡೋ, ಗ್ಲಾಸ್ ರೂಫು! ಮೇಲೆ ನೋಡು, ಮೇಲೆ! ಕಾಣ್ತಿದ್ಯಾ?" ಆ ಕಡೆಯವರಿಗೆ ಕಾಣುತ್ತಿದ್ದದ್ದು ಬಹುಶಃ ನೇರಳೆ ಛತ್ರಿ. ಬಂಟ್ವಾಳ ದಾಟಿ ನೇತ್ರಾವತಿಯ ಸೇತುವೆ ಬಂತು. ಮಳೆಗಾಲ ಮುಗಿಯುವ ಹೊತ್ತಿನ ಹೊಳೆ, ದಡ ತುಂಬಿ ಕೆಮ್ಮಣ್ಣು ಬಣ್ಣದಲ್ಲಿ ಹರಿಯುತ್ತಿತ್ತು. ನಾನು ನೋಡಿದ್ದು ಛತ್ರಿಯ ಎರಡು ಕಡ್ಡಿಗಳ ನಡುವೆ. ಹಿನ್ನೆಲೆಯಲ್ಲಿ ಯಾರೋ ಹೈದರಾಬಾದಿನಿಂದ ಕುಕ್ಕರಿನ ಸೀಟಿ ಸಮೇತ ಮಾತಾಡುತ್ತಿದ್ದರು.

ಬೋಗಿಯ ತುದಿಯಲ್ಲಿ ನಿಂತು ನೋಡಲಿಕ್ಕೆಂದೇ ಒಂದಿಷ್ಟು ಜಾಗ ಇದೆ. ಅಲ್ಲಿಗಾದರೂ ಹೋಗೋಣ ಅಂತ ಎದ್ದೆ. ಅಲ್ಲೊಬ್ಬ ಹುಡುಗ ಮೂರು ಕಾಲಿನ ಸ್ಟ್ಯಾಂಡ್ ಊರಿ ಕ್ಯಾಮೆರಾ ಕೂರಿಸಿದ್ದ. ಸ್ಟ್ಯಾಂಡಿನ ಕಾಲು ಅಗಲಿಸಿಟ್ಟ ರೀತಿ ನೋಡಿದರೆ ಯಶವಂತಪುರದವರೆಗೆ ಅದು ಅಲ್ಲಿಂದ ಅಲುಗುವುದಿಲ್ಲ ಅಂತ ಗೊತ್ತಾಗುತ್ತಿತ್ತು. "ಟೈಮ್ ಲ್ಯಾಪ್ಸ್ ಓಡ್ತಿದೆ ಆಂಟಿ," ಅಂದ. ಹಾಗೆಂದರೇನು ಅಂತ ನನಗೆ ಗೊತ್ತು. ನನ್ನ ಟೈಮೂ ಓಡ್ತಿದೆ ಅಂತ ಹೇಳಬಹುದಿತ್ತು. ಇಂಥ ಮಾತು ನನಗೆ ಯಾವಾಗಲೂ ವಾಪಸ್ ಬಂದು ಸೀಟಿನಲ್ಲಿ ಕೂತ ಮೇಲೆಯೇ ಹೊಳೆಯುವುದು.

ಕಬಕ ಪುತ್ತೂರು ದಾಟುವಷ್ಟರಲ್ಲಿ ಅಮ್ಮ ಎದುರಿನ ಛತ್ರಿಯ ಒಳಗೆ ಸೇರಿಕೊಂಡಾಗಿತ್ತು. ಸುಮ್ನೆ ಮಾತಿಗೆ ಹೇಳಿದ್ದಲ್ಲ. ಮುಂದೆ ಬಗ್ಗಿ ಕೂತು, ಅರ್ಧ ತಲೆ ಅದರ ನೆರಳಿನಲ್ಲಿಟ್ಟು, ಆ ಹೆಂಗಸಿನ ಹತ್ತಿರ ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಮಾತಾಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಕಾಯಿಸಿದ ಬನ್ಸಿನ ಡಬ್ಬಿಯೂ ಹೊರಗೆ ಬಂತು. ಬಾಳೆಹಣ್ಣಿನ ಬನ್ಸ್ ಬೆಂಗಳೂರಿನವರಿಗೆ ಹೊಸತು. "ಇದು ಸ್ವೀಟಾ, ಖಾರನಾ?" ಅಂತ ಕೇಳುತ್ತ ಒಂಬತ್ತೂ ಮಂದಿ ತಿಂದರು. ಅವರ ಕಡೆಯಿಂದ ಕೋಡುಬಳೆ ಬಂತು. ನನಗೂ ಕೊಟ್ಟರು. ಬೇಡ ಅಂದೆ. ನನಗೆ ಕೋಡುಬಳೆ ಅಂದರೆ ಜೀವ. ಆದರೆ ತಿಂದುಬಿಟ್ಟರೆ ಆಮೇಲೆ ಸಿಟ್ಟು ಮಾಡಲಿಕ್ಕೆ ಆಗುವುದಿಲ್ಲವಲ್ಲ.

ಸುಬ್ರಹ್ಮಣ್ಯ ರೋಡಿನಲ್ಲಿ ರೈಲು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ. ಊರಿನ ಹೆಸರು ನೆಟ್ಟಣ. ಇಲ್ಲಿಂದ ಸಕಲೇಶಪುರದವರೆಗಿನ 55 ಕಿಲೋಮೀಟರೇ ಘಾಟಿ. ಏರು ಎಷ್ಟೆಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಆದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳಬೇಕಾದಾಗ ಅದು ಬಹಳ ಕಡಿದು. ಅದಕ್ಕೇ ಹತ್ತಿಸುವಾಗ ದೂಡಲಿಕ್ಕೆ ಇಲ್ಲಿ ಬೇರೆ ಎಂಜಿನ್ ಜೋಡಿಸುತ್ತಾರೆ. ಆಗ ಎಲ್ಲ ಡೀಸೆಲ್. ಹಿಂದಿನಿಂದ ಧಡ್ ಅಂತ ಒಂದು ಗುದ್ದು, ಅಮ್ಮನ ಚಹಾ ತುಳುಕಿತು, ರೈಲು ಹೊರಟಿತು. ಇನ್ನು ಓಟ ಅಂತ ಇಲ್ಲ, ತೆವಳುವುದು. ಎರಡು ಗಂಟೆಗೂ ಜಾಸ್ತಿ ಬೇಕು.

ಐದು ನಿಮಿಷದಲ್ಲಿ ಕ್ಯಾಪ್ಟನ್ನರ ಮೊಬೈಲಿನಲ್ಲಿದ್ದ ಮುಖ ಹಾಗೇ ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. "ಹಲೋ? ಹಲೋ? ಕೇಳ್ತಿದ್ಯಾ?" ಘಾಟಿಯೊಳಗೆ ನೆಟ್‌ವರ್ಕ್ ಇರುವುದಿಲ್ಲ. ಮೊಬೈಲ್ ಕಂಪನಿಗಳು ನನಗೆ ಮಾಡಿದ ದೊಡ್ಡ ಉಪಕಾರ ಅದೊಂದೇ. ಅಷ್ಟರಲ್ಲಿ ನಾನು ನನ್ನ ಮೊಬೈಲಿನಲ್ಲಿ ದೂರು ಹೇಳಲಿಕ್ಕೆ ರೈಲ್ವೆಯ 139 ನಂಬರ್ ಒತ್ತಲೋ ಬೇಡವೋ ಅಂತ ಬೆರಳು ಆಡಿಸುತ್ತಿದ್ದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನದೂ ನೆಟ್‌ವರ್ಕ್ ಹೋಯಿತು.

ಹತ್ತು ನಿಮಿಷ ಸ್ವರ್ಗ.

ಕತ್ತರಿಸಿದ ಗುಡ್ಡದ ಗೋಡೆ ಗಾಜಿನ ಪಕ್ಕದಲ್ಲೇ ಜಾರುತ್ತಿತ್ತು. ಅದರ ತುಂಬ ಜರಿಗಿಡ, ಪಾಚಿ, ಎಲ್ಲೆಲ್ಲಿಂದಲೋ ಒಸರುವ ನೀರು. ಒಂದು ಕಡೆ ಝರಿಯೊಂದು ಎಷ್ಟು ಹತ್ತಿರ ಬಿದ್ದಿತೆಂದರೆ ಅದರ ಸಿಡಿ ಗಾಜಿಗೆ ಬಡಿದು ಉದ್ದಕ್ಕೆ ಹರಿಯಿತು. ಒಳಗೆ ಕೂತ ನಾವು ಒದ್ದೆಯಾಗಲಿಲ್ಲ, ಅದರ ತಂಪೂ ತಾಗಲಿಲ್ಲ. ಎತ್ತರದ ಸೇತುವೆ ಬಂದರೆ ಕೆಳಗೆ ಮರದ ಬುಡ ಕಾಣುವುದಿಲ್ಲ, ನೆತ್ತಿಗಳು ಮಾತ್ರ. ದೂರದಲ್ಲಿ ಕೆಂಪುಹೊಳೆಯ ಆಚೆ ಶಿರಾಡಿ ರಸ್ತೆ ಒಮ್ಮೆ ಕಂಡು ಮರೆಯಾಯಿತು. ಟ್ಯಾಂಕರೊಂದು ಕೆಟ್ಟು ಅಡ್ಡ ನಿಂತಿತ್ತು. ಅದರ ಹಿಂದೆ ಸಾಲುಗಟ್ಟಿದ ಬಸ್ಸುಗಳು. ಯಾವತ್ತೂ ನಾನು ಅಂಥದೊಂದು ಬಸ್ಸಿನ ಒಳಗೇ ಇರುವವಳು. ಎಷ್ಟು ಖುಷಿಯಾಯಿತು ಅಂದರೆ ಹೇಳಲಿಕ್ಕೆ ನಾಚಿಕೆ.

ಸೇತುವೆಯೊಂದರ ಬದಿಯಲ್ಲಿ, ರೈಲು ಬಂದರೆ ಸರಿದು ನಿಲ್ಲಲಿಕ್ಕೆ ಅಂತ ಹೊರಚಾಚಿದ ಸಣ್ಣ ಕಟ್ಟೆ ಇರುತ್ತದೆ. ಅಲ್ಲೊಬ್ಬರು ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು, ಹೆಗಲಿಗೆ ಸಾಮಾನಿನ ಚೀಲ ಏರಿಸಿ, ಕೈಯಲ್ಲಿ ಸುತ್ತಿದ ಬಾವುಟ ಹಿಡಿದು ನಿಂತಿದ್ದರು. ಮಳೆಗಾಲ ಪೂರ್ತಿ ಇವರು ಹಳಿಯ ಮೇಲೆ ನಡೆದು ನೋಡುತ್ತಾರೆ, ಎಲ್ಲಿ ಕಲ್ಲು ಬಿತ್ತು, ಎಲ್ಲಿ ಮಣ್ಣು ಸಡಿಲವಾಯಿತು ಅಂತ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದಾಗ ರೈಲು ನಿಂತದ್ದು ನೆನಪಿರಬಹುದು. ನಾವು ಹೋದ ಮರುವರ್ಷ, 2024ರ ಜುಲೈ ಕೊನೆಗೆ, ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮತ್ತೆ ಜರಿಯಿತು. ಸುದ್ದಿಯ ಫೋಟೋದಲ್ಲಿ ಅದೇ ಕಿತ್ತಳೆ ಕೋಟುಗಳು ಕಂಡವು. ನಮ್ಮ ಗಾಜು ಅವರ ಮೂಗಿನ ಮುಂದೆಯೇ ದಾಟಿತು. ಅವರು ತಲೆ ಎತ್ತಿ ನಮ್ಮನ್ನು ನೋಡಿದರು. ಒಳಗೆ ಛತ್ರಿ ಹಿಡಿದು ಕೂತ ಜನರನ್ನು ಕಂಡು ಏನಂದುಕೊಂಡರೋ.

ಮೊದಲ ಸುರಂಗ ಬಂತು. ಸ್ವರ್ಗ ಮುಗಿಯಿತು.

"ಹೋ..." ಅಂತ ಇಡೀ ಬೋಗಿ ಕೂಗಿತು. ಕೂಗಿಗೆ ನಾಯಕತ್ವ ಯಾರದ್ದು ಅಂತ ಹೇಳಬೇಕಾಗಿಲ್ಲ. ನೆಟ್‌ವರ್ಕ್ ಇಲ್ಲದ ಕ್ಯಾಪ್ಟನ್ ಈಗ ಪೂರ್ತಿ ಬಿಡುವಾಗಿದ್ದರು. ಸುರಂಗದಲ್ಲಿ ಕೂಗುವುದು ಮಕ್ಕಳ ಆಟ, ಗೊತ್ತು. ನಾವೂ ಸಣ್ಣವರಿದ್ದಾಗ ಕೂಗಿದ್ದೇವೆ. ಆದರೆ ಆ ಕಾಲದ ರೈಲಿಗೆ ತೆರೆದ ಕಿಟಕಿ ಇತ್ತು, ಕೂಗು ಹೊರಗೆ ಹೋಗಿ ಕಲ್ಲಿಗೆ ಬಡಿದು ವಾಪಸ್ ಬರುತ್ತಿತ್ತು. ಕೇಳಲಿಕ್ಕೆ ಚಂದ. ಇಲ್ಲಿ ಎಲ್ಲ ಮುಚ್ಚಿದ ಗಾಜು. ಕೂಗಿದ್ದು ಎಲ್ಲೂ ಹೋಗುವುದಿಲ್ಲ, ನಮ್ಮ ಕಿವಿಯೊಳಗೇ ಇಳಿಯುತ್ತದೆ.

ಈ ಘಾಟಿಯಲ್ಲಿ ಸುರಂಗ 57.

ಪಕ್ಕದ ಸಾಲಿನ ಹುಡುಗನಿಗೆ ಯಾರೋ ಅದನ್ನು ಹೇಳಿಕೊಟ್ಟಿದ್ದರು. ಅವನು ಪ್ರತಿ ಸುರಂಗದ ಬಾಯಿಗೂ ಎದ್ದು ನಿಂತು ಗಟ್ಟಿಯಾಗಿ "ನಾಲ್ಕೂ...", "ಐದೂ..." ಅಂತ ಸಾರುತ್ತಿದ್ದ. ಆಮೇಲೆ ಎಲ್ಲರೂ "ಹೋ". ಕೆಲವು ಸುರಂಗ ಎಷ್ಟು ಗಿಡ್ಡವೆಂದರೆ ಕೂಗು ಮುಗಿಯುವ ಮೊದಲೇ ಬೆಳಕು ಬಂದುಬಿಡುತ್ತದೆ. ಎರಡು ಸುರಂಗದ ನಡುವೆ ಒಂದೇ ಉಸಿರಿನಷ್ಟು ಹಸಿರು, ಮತ್ತೆ ಕತ್ತಲು. ಅಂಥ ಕಡೆ ಹುಡುಗನಿಗೆ ಲೆಕ್ಕ ತಪ್ಪುತ್ತಿತ್ತು. ಅವನು ಅಮ್ಮನ ಕಡೆ, ಅಂದರೆ ನನ್ನ ಅಮ್ಮನ ಕಡೆ, ತಿರುಗಿ "ಅಜ್ಜಿ, ಇದು ಒಂದಾ ಎರಡಾ?" ಅಂತ ಕೇಳುತ್ತಿದ್ದ. ಅಮ್ಮ ಜಪಸರ ಹಿಡಿದ ಹಾಗೆ ಬೆರಳ ಗಿಣ್ಣು ಎಣಿಸಿ ತೀರ್ಪು ಕೊಡುತ್ತಿದ್ದರು.

ಸುರಂಗದೊಳಗೆ ಇನ್ನೊಂದು ಆಗುತ್ತದೆ. ಹೊರಗೆ ಕತ್ತಲಾದೊಡನೆ ಗಾಜೆಲ್ಲ ಕನ್ನಡಿಯಾಗುತ್ತದೆ. ಅಲ್ಲಿಯವರೆಗೆ ಗುಡ್ಡ ಕಾಣುತ್ತಿದ್ದ ಜಾಗದಲ್ಲಿ ಫಕ್ಕನೆ ಒಂದು ಮುಖ. ನನ್ನದು. ಅಮ್ಮ ಹೇಳುವ ಹಾಗೆ ಹುಳಿ ಬಿಂಬುಳಿಕಾಯಿ ಕಚ್ಚಿದ ಮುಖ. ಅದರ ಹಿಂದೆ ನಗುತ್ತಿದ್ದ ಹತ್ತು ಹನ್ನೆರಡು ಮುಖ. ಸೂರಿನ ಗಾಜಿನಲ್ಲಿ ನೇರಳೆ ಛತ್ರಿ ತಲೆಕೆಳಗಾಗಿ. ಒಂದೆರಡು ಸಲವಾದರೆ ಸರಿ. ಪ್ರತಿ ಮೂರು ನಿಮಿಷಕ್ಕೊಮ್ಮೆ ಇದೇ ಮುಖ ನೋಡಬೇಕಾದರೆ ಯಾರಿಗೂ ಕಷ್ಟ. ನನಗೆ ಕಷ್ಟವಾದದ್ದು ಸಿಟ್ಟಾಗಿಯೇ ಹೊರಗೆ ಬಂತು.

ಇಪ್ಪತ್ತೈದರ ನಂತರ ನಾನು ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟಲು ಶುರುಮಾಡಿದೆ. ತುಂಬ ಗಂಭೀರ ವಾಕ್ಯ. 'ನೋಡಿ, ನಾವೆಲ್ಲರೂ ಇಲ್ಲಿ ಪ್ರಕೃತಿಯನ್ನು ನೋಡಲು' ಅಂತ ಶುರುವಾಗುವಂಥದ್ದು. ಛೆ, ಭಾಷಣ ಆಯಿತು. 'ಸಾರ್, ಸ್ವಲ್ಪ' ಅಂತ ಬದಲಾಯಿಸಿದೆ. 'ಸ್ವಲ್ಪ' ಆದ ಮೇಲೆ ಏನು ಹೇಳುವುದು? ಮೂರು ಸುರಂಗ ಅದರಲ್ಲೇ ಕಳೆಯಿತು. ಮೂವತ್ತೊಂದನೆಯ ಕೂಗಿಗೆ ತಡೆಯಲಾಗಲಿಲ್ಲ. ಅಮ್ಮನ ಕಡೆ ತಿರುಗಿ ತುಳುವಿನಲ್ಲಿ ಕಾರಿಬಿಟ್ಟೆ.

"ಎಂಚಿನ ಬೊಬ್ಬೆ ಅಮ್ಮ! ಮೊಕ್ಲೆಗ್ ಬುದ್ಧಿ ಇಜ್ಜಾ?"

ಏನು ಬೊಬ್ಬೆ ಇದು, ಇವರಿಗೆ ಬುದ್ಧಿ ಇಲ್ಲವಾ ಅಂತ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಗು ಬೆಳೆಸುವ ರೀತಿಯ ಬಗ್ಗೆಯೂ ಎರಡು ಮಾತು ಸೇರಿಸಿದೆ. ತುಳು ನಮಗೆ ಇಂಥ ಹೊತ್ತಿಗೆ ಒಳ್ಳೆಯ ಮರೆ. ಅಂಗಡಿಯಲ್ಲಿ ದರ ಜಾಸ್ತಿ ಅಂತ ಹೇಳಲಿಕ್ಕೆ, ಮದುವೆಮನೆಯ ಪಾಯಸಕ್ಕೆ ಗೋಡಂಬಿ ಕಡಿಮೆ ಅಂತ ಹೇಳಲಿಕ್ಕೆ, ಘಟ್ಟದ ಮೇಲೆ ಎಲ್ಲಿ ಬೇಕಾದರೂ ಧೈರ್ಯವಾಗಿ ಬಳಸಿದ್ದೇವೆ.

ನಡುವಿನ ದಾರಿಯ ಆಚೆಯಿಂದ ಮೆಲ್ಲಗೆ ಒಂದು ಧ್ವನಿ ಬಂತು.

"ಎಂಕ್ಲ್ ಒಂತೆ ಮೆಲ್ಲ ಪಾತೆರುವ ಅಕ್ಕ."

ನಾವು ಸ್ವಲ್ಪ ಮೆಲ್ಲ ಮಾತಾಡುತ್ತೇವೆ ಅಕ್ಕ. ಹೇಳಿದ್ದು ಆ ಸೊಸೆ. ಅಷ್ಟು ಹೊತ್ತು ಒಂದು ಮಾತೂ ಆಡದೆ, ಇಡೀ ಗಲಾಟೆಯಲ್ಲಿ ಸೇರದೆ, ಮಗನ ಅಂಗಿಯ ಚುಂಗು ಹಿಡಿದು ಕೂತಿದ್ದವಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಾವಿದ್ದದ್ದು ಆಗಲೇ ಭೂಮಿಯ ಬಾಯಿಯೊಳಗೆ, ಮೂವತ್ತೊಂದನೆಯ ಸುರಂಗದಲ್ಲಿ. ಎದುರಿನ ಗಾಜಿನಲ್ಲಿ ನನ್ನದೇ ಮುಖ.

ಅಮ್ಮನಿಗೆ ಮಾತ್ರ ಹಬ್ಬ. "ಓ! ನೀನು ಎಲ್ಲಿಯ ಹುಡುಗಿ?" ಅಂತ ಪೂರ್ತಿ ಆ ಕಡೆ ತಿರುಗಿದರು. ಉಪ್ಪಿನಂಗಡಿ ಹತ್ತಿರದವಳಂತೆ. ಬೆಂಗಳೂರಿಗೆ ಕೊಟ್ಟು ಹತ್ತು ವರ್ಷ. ತುಳು ಮಾತಾಡಲಿಕ್ಕೆ ಅಲ್ಲಿ ಯಾರೂ ಇಲ್ಲವಂತೆ, ಮಗನಿಗೆ ಅರ್ಥವಾಗುತ್ತದೆ, ಬಾಯಿ ತಿರುಗುವುದಿಲ್ಲ. ಅತ್ತೆ ಮಾವನಿಗೆ ತವರಿನ ಕಡೆಯ ದೇವಸ್ಥಾನ ಎಲ್ಲ ತೋರಿಸಬೇಕೆಂದು ಈ ಪ್ರವಾಸ ಇಟ್ಟದ್ದು ಅವಳೇ. ಗಾಜಿನ ಬೋಗಿಗೆ ಟಿಕೆಟ್ ಮಾಡಿದ್ದೂ ಅವಳೇ. ಇಷ್ಟೆಲ್ಲ ತಿಳಿಯಲು ಅಮ್ಮನಿಗೆ ಬೇಕಾದದ್ದು ಎರಡು ಸುರಂಗ.

ಆ ಎರಡು ಸುರಂಗವೂ ಎಣಿಕೆಯಿಲ್ಲದೆ ದಾಟಿದವು ಅಂತ ನನಗೆ ಹೊಳೆದದ್ದು ಆಮೇಲೆ.

ಹುಡುಗ ಕೂತಿದ್ದ. ಸುಮ್ಮನೆ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು. ಸುರಂಗ ಬಂದಾಗ ಎದ್ದು ನಿಲ್ಲಲಿಕ್ಕೆ ಮೈ ಒಂದಿಷ್ಟು ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಹೋಗುತ್ತಿತ್ತು. ಅವನು ಸಾರದೆ ಇದ್ದದ್ದಕ್ಕೆ ಉಳಿದವರ "ಹೋ" ಕೂಡ ತಾಳ ತಪ್ಪಿ, ಒಂದಿಬ್ಬರು ಮಾತ್ರ ಕೂಗಿ, ನಿಂತೇಹೋಯಿತು. ನಾನು ಬಯಸಿದ ಮೌನ ಪೂರ್ತಿ ಸಿಕ್ಕಿತು. ಹಿಂದಿನ ಎಂಜಿನ್ನಿನ ಏದುಸಿರು ಕೇಳುವಷ್ಟು.

"ಎಷ್ಟಾಯ್ತು ಪುಟ್ಟ?" ಅಂದೆ ಅವನಿಗೆ. ನನ್ನ ಕಿವಿಗೇ ಸುಳ್ಳು ಸುಳ್ಳು ಕೇಳಿತು.

ಅವನು ತಾಯಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, "ಆಂಟಿಗೆ ಡಿಸ್ಟರ್ಬ್ ಆಗುತ್ತೆ."

ಎಡಕುಮೇರಿಯಲ್ಲಿ ರೈಲು ಸ್ವಲ್ಪ ನಿಂತಿತು. ಸುತ್ತ ಕಾಡು, ನಡುವೆ ಒಂದು ಸ್ಟೇಷನ್ನು, ಪ್ಲಾಟ್‌ಫಾರಮ್ಮಿನಲ್ಲಿ ಎರಡು ಮಂಗ. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದರು. ಬೈಯುವಾಗ ಅಮ್ಮನ ಧ್ವನಿ ಯಾವತ್ತೂ ಏರುವುದಿಲ್ಲ. "ನಿನಗೆ ಹೇಳಲಿಕ್ಕೆ ಇದ್ದದ್ದು ಮೊಬೈಲಿನವರಿಗೆ. ಕೇಳಿಸಿಕೊಂಡದ್ದು ಮಗು." ಅಷ್ಟೇ ಹೇಳಿ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಬನ್ಸ್ ತೆಗೆದು ಅರ್ಧ ಮಾಡಿ ಹುಡುಗನಿಗೊಂದು, ಅವನ ತಾಯಿಗೊಂದು ಕೊಟ್ಟರು.

ಕ್ಯಾಪ್ಟನ್ನರಿಗೆ ಇದು ಯಾವುದೂ ತಿಳಿಯಲೇ ಇಲ್ಲ. ಅವರು ಮಂಗಗಳ ಫೋಟೋ ತೆಗೆಯುತ್ತಿದ್ದರು.

ಇಲ್ಲಿ ಒಂದು ಮಾತು. ನನ್ನ ಅಭಿಪ್ರಾಯ ಬದಲಾಗಿಲ್ಲ. ಸ್ಪೀಕರ್ ಹಾಕಿ ಊರಿಗೆಲ್ಲ ಕೇಳುವ ಹಾಗೆ ಮಾತಾಡುವುದು ತಪ್ಪೇ. ರಾತ್ರಿ ಹತ್ತರ ನಂತರ ರೈಲಿನಲ್ಲಿ ಗಟ್ಟಿ ಮಾತಾಡಬಾರದು, ಹಾಡು ಹಾಕಬಾರದು ಅಂತ ರೈಲ್ವೆಯ ಸೂಚನೆಯೇ ಇದೆ. ಹಗಲಿಗೂ ಅಂಥದೊಂದು ಇದ್ದರೆ ನಾನು ಮೊದಲು ಸಹಿ ಹಾಕುವವಳು. ಇನ್ನೊಬ್ಬರ ಮೊಣಕಾಲಿಗೆ ಜಾಗವಿಲ್ಲದ ಹಾಗೆ ಸೀಟು ತಿರುಗಿಸುವುದೂ ತಪ್ಪು. ಹಳೆಯ ರೈಲುಗಳಲ್ಲಿ ಯಾರೂ ಬರೆದಿಡದ ಒಂದಿಷ್ಟು ನಿಯಮ ಇದ್ದವು. ಕಿಟಕಿ ಮಕ್ಕಳಿಗೆ, ಆಮೇಲೆ ವಾಂತಿ ಬರುವವರಿಗೆ. ತಿಂಡಿ ಬಿಚ್ಚಿದರೆ ಎದುರಿನವರಿಗೆ ಬೇಕಾ ಅಂತ ಕೇಳುವುದು, ಅವರು ಬೇಡ ಅನ್ನುವುದು, ಎರಡನೆಯ ಸಲ ಕೇಳಿದಾಗ ತೆಗೆದುಕೊಳ್ಳುವುದು. ಈ ಗಾಜಿನ ಬೋಗಿ ಹೊಸತು, ಇದರ ರೀತಿ ರಿವಾಜು ಇನ್ನೂ ಹುಟ್ಟಿಲ್ಲ. ದುಡ್ಡು ಜಾಸ್ತಿ ಕೊಟ್ಟಿದ್ದೇವೆ, ಹಾಗಾಗಿ ಎಲ್ಲರಿಗೂ ಗುಡ್ಡ ನನ್ನದು ಅನ್ನಿಸುತ್ತದೆ. ಕ್ಯಾಮೆರಾದ ಹುಡುಗನಿಗೂ, ಕ್ಯಾಪ್ಟನ್ನರಿಗೂ. ಕಾಸು ಕೊಟ್ಟು ಮೌನ ಕೊಂಡುಕೊಂಡಿದ್ದೇನೆ ಅಂತ ನಾನಂತೂ ನಂಬಿಯೇಬಿಟ್ಟಿದ್ದೆ.

ಮೂವತ್ತರಿಂದ ನಲುವತ್ತರ ಚಿಲ್ಲರೆವರೆಗಿನ ಸುರಂಗ ನನಗೆ ಏನೂ ನೆನಪಿಲ್ಲ. ಕಣಿವೆ ತುಂಬ ಮೋಡ ಇತ್ತು ಅಂತ ಅಮ್ಮ ಹೇಳುತ್ತಾರೆ. ಇದ್ದಿರಬೇಕು. ಕಡಗರವಳ್ಳಿ ಆದ ಮೇಲೆ ಅಮ್ಮ ಇದ್ದಕ್ಕಿದ್ದಂತೆ ಅಪ್ಪನ ವಿಷಯ ತೆಗೆದರು. ಆ ಸೊಸೆಗೆ ಹೇಳುತ್ತಿದ್ದದ್ದು, ನನಗಲ್ಲ. ಅಪ್ಪ ಸುರಂಗ ಬಂದ ಕೂಡಲೇ ಅಮ್ಮನ ಕೈ ಹಿಡಿಯುತ್ತಿದ್ದರಂತೆ, ಬೆಳಕು ಬರುವ ಮೊದಲು ಬಿಡುತ್ತಿದ್ದರಂತೆ. ಅತ್ತೆ ಜೊತೆಗಿದ್ದರೂ. "ಅವರಿಗೂ ಲೆಕ್ಕ ಸರಿ ಇರುತ್ತಿರಲಿಲ್ಲ. ಎರಡು ಸಲ ಬೆಳಕಲ್ಲೇ ಸಿಕ್ಕಿಬಿದ್ದಿದ್ದಾರೆ," ಅಂದರು ಅಮ್ಮ. ಛತ್ರಿಯವರು ತುಳು ಅರ್ಥವಾಗದಿದ್ದರೂ ಸೊಸೆ ನಕ್ಕದ್ದಕ್ಕೆ ತಾವೂ ನಕ್ಕರು. ನಾನು ಐವತ್ತು ವರ್ಷ ಅಮ್ಮನ ಜೊತೆ ಇದ್ದೇನೆ, ಈ ಕತೆ ಒಮ್ಮೆಯೂ ಕೇಳಿರಲಿಲ್ಲ. ಗಲಾಟೆಯ ಆ ಬೋಗಿಯಲ್ಲಿ, ನಡುವಿನ ದಾರಿಯ ಆಚೆಯವಳಿಗೆ ಹೇಳುವಾಗ ನನ್ನ ಕಿವಿಗೂ ಬಿತ್ತು.

ಸೂರ್ಯ ಬಾಗಿದ್ದ. ಛತ್ರಿ ಮಡಚಲ್ಪಡಲೇ ಇಲ್ಲ. ಅಭ್ಯಾಸವಾಗಿಬಿಟ್ಟಿತ್ತೋ ಏನೋ.

ದೋಣಿಗಾಲ್ ದಾಟಿ ಸಕಲೇಶಪುರ ಬಂತು. ಕಾಫಿ ತೋಟ, ಗದ್ದೆ, ತಣ್ಣಗಿನ ಬೆಳಕು. ಜೊತೆಗೆ ನೆಟ್‌ವರ್ಕ್ ಕೂಡ. ಕ್ಯಾಪ್ಟನ್ನರ ಮೊಬೈಲ್ ಒಂದರ ಮೇಲೊಂದು ಟಿಣ್ ಟಿಣ್ ಅಂದಿತು. ಮತ್ತೆ ವೀಡಿಯೋ ಕಾಲ್, ಮತ್ತೆ ಸ್ಪೀಕರ್. ಈ ಸಲ ನಾನು ವಾಕ್ಯ ಕಟ್ಟಲಿಲ್ಲ.

"ಸಾರ್, ಸ್ವಲ್ಪ ಸೌಂಡ್ ಕಡಿಮೆ ಮಾಡ್ತೀರಾ? ಅಮ್ಮನಿಗೆ ಕಾಲು ಚಾಚಲಿಕ್ಕೂ ಜಾಗ ಬೇಕಿತ್ತು."

"ಅಯ್ಯೋ ಸಾರಿ ಮೇಡಂ, ಆಗ್ಲೇ ಹೇಳ್ಬಾರ್ದಾ?"

ಅಷ್ಟೇ. ಬೆಳಿಗ್ಗೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕಡುಬು ಎರಡು ಸೆಕೆಂಡಿನಲ್ಲಿ ಇಳಿಯಿತು. ಅವರು ಕಾಲು ಓರೆ ಮಾಡಿದರು, ಸೌಂಡ್ ಇಳಿಸಿದರು. ಐದು ನಿಮಿಷದಲ್ಲಿ ಸೌಂಡ್ ತಾನಾಗಿ ಏರಿತು ಎನ್ನುವುದನ್ನೂ ಹೇಳಬೇಕು. ಕಾಲು ಮಾತ್ರ ಓರೆಯಾಗಿಯೇ ಇತ್ತು.

ಕೋಡುಬಳೆ ಮತ್ತೆ ಬಂತು. ಎರಡನೆಯ ಸಲ. ತೆಗೆದುಕೊಂಡೆ. ಸ್ವಲ್ಪ ಮೆತ್ತಗಾಗಿತ್ತು.

ಹಾಸನ ಬರುವಾಗ ಕ್ಯಾಪ್ಟನ್ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು, ಎದೆಯ ಮೇಲೆ ಮೊಬೈಲ್ ತನ್ನ ಪಾಡಿಗೆ ಏನನ್ನೋ ಹಾಡುತ್ತಿತ್ತು. ನಾನು ಚೀಲ ಎತ್ತಿಕೊಂಡು ಸದ್ದಿಲ್ಲದೆ ಜಾರಿಕೊಳ್ಳುವ ಅಂದುಕೊಂಡೆ. ಅಮ್ಮ ಬಿಡಬೇಕಲ್ಲ. ಅವರ ಮಂಡಿ ತಟ್ಟಿ ಎಬ್ಬಿಸಿ, "ನಾವು ಹೋಗಿ ಬರ್ತೇವೆ ಆಯ್ತಾ," ಅಂತ ಹೇಳಿಯೇ ಇಳಿದದ್ದು. ಅವರು ಕಣ್ಣು ಪಿಳಿಪಿಳಿ ಬಿಟ್ಟು ಕೈ ಮುಗಿದರು. ಯಾರಿಗೆ ಅಂತ ಗೊತ್ತಿದ್ದ ಹಾಗಿರಲಿಲ್ಲ.

ಪ್ಲಾಟ್‌ಫಾರಮ್ಮಿನಲ್ಲಿ ತಮ್ಮ ಎಲ್ಲಿದ್ದಾನೆಂದು ಹುಡುಕುವಾಗ ಅಮ್ಮ ನನ್ನ ತೋಳು ಹಿಡಿದು ಎಳೆದರು. ಹುಡುಗ ಎದ್ದು ಬಂದು ನಮ್ಮ ಖಾಲಿ ಸೀಟಿನ ಮೇಲೆ ಮೊಣಕಾಲೂರಿ, ಮೂಗು ಗಾಜಿಗೆ ಒತ್ತಿ ನಿಂತಿದ್ದ. ಏನೋ ಕೂಗಿ ಹೇಳುತ್ತಿದ್ದ. ಬಾಯಿ ಅಷ್ಟಗಲ ತೆರೆಯುತ್ತಿತ್ತು, ಕೊರಳ ನರ ಉಬ್ಬಿತ್ತು. ಆ ಗಾಜಿನಿಂದ ಒಂದು ಅಕ್ಷರವೂ ಹೊರಗೆ ಬರಲಿಲ್ಲ. ನಾನು ಕಿವಿಯ ಹತ್ತಿರ ಕೈ ಆಡಿಸಿ ಕೇಳುವುದಿಲ್ಲ ಅಂದೆ.

ಅವನು ಬೆರಳು ತೋರಿಸಿದ. ಮೊದಲು ಐದು. ಆಮೇಲೆ ಎರಡೂ ಕೈ ಎತ್ತುವಷ್ಟರಲ್ಲಿ ರೈಲು ಹೊರಟಿತು.

"ಐವತ್ತಾರು," ಅಂದೆ.

"ಏಳು," ಅಂದರು ಅಮ್ಮ. "ನಿನಗೆ ಸರಿ ಕಾಣಲಿಲ್ಲ."